ಛೀ ಅಂದರೆ ಉಸಿರು

ಚೀನಾದ ಶೆನ್‌ಜೆನ್ ನಗರಕ್ಕೆ ಕೆಲಸಕ್ಕೆ ಹೋದ ಮೊದಲ ವರ್ಷ. ಬೆಳಿಗ್ಗೆ ಲ್ಯೆನ್‌ಹ್ವಾಶಾನ್ ಪಾರ್ಕಿನಲ್ಲಿ ಥಾಯ್‌ಚೀ, ಅಂದರೆ ನಿಧಾನವಾಗಿ ಕೈಕಾಲು ಆಡಿಸುವ ಚೀನೀ ಕಸರತ್ತು, ಮಾಡುವ ಹಿರಿಯರ ಗುಂಪಿಗೆ ಸೇರಿಕೊಂಡಿದ್ದೆ. ಒಂದು ದಿನ ಧೈರ್ಯ ಮಾಡಿ ಚೀನೀ ಭಾಷೆಯಲ್ಲೇ ಕೇಳಿದೆ: "ನನ್ನ ಮಾಪು ಸರಿ ಇದೆಯಾ?" ಮಾಪು ಅಂದರೆ ಕುದುರೆ ಮೇಲೆ ಕೂತವರ ಹಾಗೆ ಕಾಲು ಅಗಲಿಸಿ, ಮಂಡಿ ಬಗ್ಗಿಸಿ ನಿಲ್ಲುವುದು. ಎಲ್ಲರೂ ನಕ್ಕರು. ಒಬ್ಬ ಅಜ್ಜ ಹೆಗಲ ಮೇಲಿದ್ದ ಟವೆಲ್ ತೆಗೆದು ಬೆಂಚು ಒರೆಸಿ ತೋರಿಸಿದರು. ಕುದುರೆಯ 'ಮಾ' ದನಿ ತಗ್ಗಿಸಿ ಹೇಳಬೇಕು. ನಾನು ಮೇಲಿನ ದನಿಯಲ್ಲೇ ಸಮನಾಗಿ ಎಳೆದಿದ್ದೆ. ಹಾಗೆ ಎಳೆದರೆ ಅದು ಒರೆಸುವ ಬಟ್ಟೆ. ನನ್ನ ಮಸಿಬಟ್ಟೆ ಸರಿ ಇದೆಯಾ ಅಂತ ಕೇಳಿದ್ದೆ!

ಅವತ್ತೇ ಒಂದು ನೋಟ್‌ಬುಕ್ ಕೊಂಡೆ. ಪದಗಳನ್ನೆಲ್ಲ ಕನ್ನಡದಲ್ಲೇ ಬರೆದುಕೊಂಡೆ, ದನಿಗೆ ಪಕ್ಕದಲ್ಲಿ ಬಾಣದ ಗುರುತು. ರೋಮನ್ ಅಕ್ಷರದ ಪಿನ್‌ಯಿನ್ ಇದೆ, ನಿಜ. ಆದರೆ ಅದನ್ನು ಇಂಗ್ಲಿಷಿನ ಹಾಗೆ ಓದಿದರೆ ಮೋಸ ಹೋಗುತ್ತೇವೆ. 'ಬಿ' ಅಂತ ಬರೆದಿರುತ್ತದೆ, ಬಾಯಲ್ಲಿ ಬರಬೇಕಾದ್ದು ಹೆಚ್ಚುಕಡಿಮೆ ನಮ್ಮ ಪ. 'ಡಿ' ಇದ್ದರೆ ತ, 'ಟಿ' ಇದ್ದರೆ ಥ. ಮಹಾಪ್ರಾಣ ಕನ್ನಡಕ್ಕೆ ಯಾಕೆ ಬೇಕು ಅನ್ನುವ ವಾದವನ್ನು ಒಪ್ಪುತ್ತಿದ್ದವನು ನಾನು. ಮಾತಾಡುವಾಗ ನಮ್ಮಲ್ಲಿ ಎಷ್ಟು ಜನ ಅದನ್ನು ನುಡಿಯುತ್ತೇವೆ, ಅಲ್ವಾ? ಇಲ್ಲಿ ಆ ಹೊಟ್ಟೆ ಸೀಳಿದ ಅಕ್ಷರಗಳೇ ಕೈ ಹಿಡಿದವು.

ಥಾಯ್‌ಚೀಯಲ್ಲಿರುವ 'ಚೀ' ಅಂದರೆ ಉಸಿರು, ಪ್ರಾಣಶಕ್ತಿ ಅಂತ ನಾನೂ ನಂಬಿದ್ದೆ. ಅಲ್ಲ. ಆ ಚೀಗೆ ತುತ್ತತುದಿ ಅಂತ ಅರ್ಥ. ಪೂರ್ತಿ ಹೆಸರು ಥಾಯ್‌ಚೀಛ್ವೆನ್, ಕೊನೆಯ ಛ್ವೆನ್ ಅಂದರೆ ಮುಷ್ಟಿ. ಉಸಿರಿನದು ಬೇರೆ ಪದ, ಬೇರೆ ಅಕ್ಷರ: ಛೀ. ಅದನ್ನು ತಾನ್‌ಥ್ಯೆನ್‌ಗೆ, ಅಂದರೆ ಹೊಕ್ಕುಳಿನ ಕೆಳಗಿನ ಜಾಗಕ್ಕೆ, ಇಳಿಸಬೇಕು ಅನ್ನುತ್ತಾರೆ. ಊರಿಗೆ ಫೋನ್ ಮಾಡಿದಾಗ ಅಮ್ಮ ಕೇಳಿದರು, "ಅಲ್ಲಿ ಏನೋ ಹೇಳ್ಕೊಡ್ತಾರೆ?" "ಛೀನ ಹೊಟ್ಟೆಗೆ ಇಳಿಸೋದು ಅಮ್ಮ." "ಛೀ!" ಅಂದರು. ಉಚ್ಚಾರ ಅಚ್ಚುಕಟ್ಟಾಗಿತ್ತು. ಮೇಲಿಂದ ಥಟ್ಟನೆ ಕೆಳಗೆ ಬೀಳುವ ನಾಲ್ಕನೇ ದನಿ ಕೂಡ ಸರಿಯಾಗಿ ಬಂದಿತ್ತು.

ಕುಂಗ್‌ಫು ಪದ ತಿಳಿದದ್ದು ಪಾರ್ಕಿನಲ್ಲಲ್ಲ, ನಮ್ಮ ಆಫೀಸಿನ ಕೆಳಗಿದ್ದ ಟೀ ಅಂಗಡಿಯಲ್ಲಿ. ಅಂಗಡಿಯವರು ಛಾವ್‌ಚೌ ಕಡೆಯವರು. ಆ ಕಡೆ ಚಹಾ ಮಾಡುವ ರೀತಿಗೇ ಕುಂಗ್‌ಫು ಚಹಾ ಅಂತ ಹೆಸರು. ಹೊಡೆದಾಟಕ್ಕೂ ಇದಕ್ಕೂ ಏನು ಸಂಬಂಧ ಅಂದೆ. ಕುಂಗ್‌ಫು ಅಂದರೆ ಹೊಡೆದಾಟವೇ ಅಲ್ಲವಂತೆ. ಹೊತ್ತು ಕೊಟ್ಟು, ಬೆವರು ಹರಿಸಿ ಬಂದ ಕಸುಬುಗಾರಿಕೆ. ನಾವು 'ಪಳಗಿದ ಕೈ' ಅಂತೀವಲ್ಲ, ಅದು. ಅಡುಗೆಯವರಿಗೂ ಇರಬಹುದು, ಕುಂಚ ಹಿಡಿದು ಅಕ್ಷರ ಬರೆಯುವವರಿಗೂ ಇರಬಹುದು. ಕಾದಾಟದ ಕಲೆಗೆ ಹೆಸರು ವೂಷು.

ಆದರೂ ಆ ಚಹಾದಲ್ಲಿ ಯುದ್ಧ ಇತ್ತು. ಮೂರು ಪುಟ್ಟ ಬಟ್ಟಲುಗಳನ್ನು ಒತ್ತೊತ್ತಾಗಿ ಇಟ್ಟು, ಒಂದು ತುಂಬಿಸಿ ಇನ್ನೊಂದಕ್ಕೆ ಹೋಗದೆ, ಕೈ ಸುತ್ತ ತಿರುಗಿಸುತ್ತಾ ಮೂರಕ್ಕೂ ಸುರಿಯುತ್ತಾರೆ. ಎಲ್ಲದರಲ್ಲೂ ಒಂದೇ ಗಡಸು ಬರಲಿ ಅಂತ. ಇದಕ್ಕೆ 'ಕ್ವಾನ್ ಕುಂಗ್ ಕೋಟೆ ಸುತ್ತುತ್ತಾನೆ' ಅನ್ನುತ್ತಾರೆ. ಕೊನೆಯ ಗಟ್ಟಿ ಹನಿಗಳನ್ನು ಒಂದೊಂದಾಗಿ ಹಂಚುವುದು 'ಹಾನ್ ಶಿನ್ ಸೈನಿಕರನ್ನು ಎಣಿಸುತ್ತಾನೆ'. ಇಬ್ಬರೂ ಹಳೆಯ ಕಾಲದ ಸೇನಾಪತಿಗಳು.

ಪಾರ್ಕಿನಲ್ಲಿ ಮಾಡುತ್ತಿದ್ದದ್ದು 1956ರಲ್ಲಿ ಸರ್ಕಾರದ ಕ್ರೀಡಾ ಆಯೋಗ ಸರಳ ಮಾಡಿ ಕೊಟ್ಟ 24 ಭಂಗಿಗಳ ವರಸೆ. ಹೆಸರುಗಳು ಕಷ್ಟ ಆಗಲಿಲ್ಲ, ಎಲ್ಲ ಚಿತ್ರಗಳೇ: ಕಾಡುಕುದುರೆಯ ಜೂಲು ಬಿಡಿಸು, ಬಿಳಿ ಕೊಕ್ಕರೆ ರೆಕ್ಕೆ ಬಿಚ್ಚಿತು, ಮೋಡದಂಥ ಕೈ. ಹೇಳಿಕೊಡುತ್ತಿದ್ದ ಹಿರಿಯಾಕೆಯನ್ನು ಗುರು ಅನ್ನುವ ಅರ್ಥದಲ್ಲಿ ಷಿಫು ಅಂತ ಕರೆದೆ. ಬೇಡ ಅಂದರು. ಟ್ಯಾಕ್ಸಿ ಡ್ರೈವರನ್ನೂ ಷಿಫು ಅಂತಲೇ ಕರೆಯುತ್ತಾರೆ. ಗುರುವಿನ ಷಿಫುವಿಗೆ ಬರೆಯುವಾಗ 'ತಂದೆ' ಅನ್ನುವ ಅಕ್ಷರ ಸೇರುತ್ತದೆ, ಮತ್ತೆ ಶಿಷ್ಯನಾಗಿ ಶಾಸ್ತ್ರೋಕ್ತವಾಗಿ ಒಪ್ಪಿಸಿಕೊಂಡಿರಬೇಕು. ಸುಮ್ನೆ ಲಾವ್‌ಷಿ ಅನ್ನು ಅಂದರು. ಅಂದರೆ ಟೀಚರ್.

ನನ್ನನ್ನು ಜಾಸ್ತಿ ಸತಾಯಿಸಿದ ಪದ ಸುಂಗ್. ನೋಟ್‌ಬುಕ್ಕಿನಲ್ಲಿ 'ಸಡಿಲ' ಅಂತ ಬರೆದಿದ್ದೆ. ಲಾವ್‌ಷಿ ನನ್ನ ಬಲಗೈಯನ್ನು ಭುಜದ ಮಟ್ಟಕ್ಕೆ ಎತ್ತಿ, ಕೆಳಗಿಟ್ಟಿದ್ದ ತಮ್ಮ ಅಂಗೈಯನ್ನು ಥಟ್ಟನೆ ತೆಗೆದರು. ನನ್ನ ಕೈ ಅಲ್ಲೇ ಗಾಳಿಯಲ್ಲಿ ನಿಂತಿತ್ತು. "ಪೂ ಸುಂಗ್." ಸಡಿಲ ಇಲ್ಲ. ಅವರ ಕೈಯನ್ನು ನಾನು ಎತ್ತಿ ಬಿಟ್ಟೆ. ಒದ್ದೆ ಪಂಚೆ ಬಿದ್ದ ಹಾಗೆ ಬಿತ್ತು, ಅಷ್ಟು ಭಾರ. ಸರಿ ಅಂತ ಮಾರನೇ ದಿನ ಮೈಯೆಲ್ಲ ಇಳಿಬಿಟ್ಟು ನಿಂತೆ. ಅದೂ ತಪ್ಪು. ಅದು ಶ್ಯೆ, ಜೋಲು. ಸುಂಗ್ ಬೇಕು, ಶ್ಯೆ ಬೇಡ.

ಹಳೆಯ ಲಿಪಿಯಲ್ಲಿ ಸುಂಗ್ ಬರೆಯುವಾಗ ಮೇಲೆ ಕೂದಲಿನ ಗುರುತು, ಕೆಳಗೆ ಪೈನ್ ಮರ. ಪೈನ್ ಮರಕ್ಕೂ ಸುಂಗ್ ಅಂತಲೇ ಹೆಸರು. ಈಗಿನ ಸರಳ ಲಿಪಿಯಲ್ಲಿ ಕೂದಲು ಹೋಗಿ ಮರ ಮಾತ್ರ ಉಳಿದಿದೆ. 'ನಿಂತರೆ ಪೈನ್ ಮರದಂತೆ, ಕೂತರೆ ಗಂಟೆಯಂತೆ' ಅಂತ ಗಾದೆಯೂ ಇದೆ. 'ಸಡಿಲ' ಹೊಡೆದುಹಾಕಿ 'ತಲೆಗೂದಲು ಬಿಚ್ಚಿ ನಿಂತ ಮರ' ಅಂತ ಬರೆದುಕೊಂಡೆ.

ಮುಂದಿನ ವರ್ಷ ಒಂದು ಬೆಳಿಗ್ಗೆ ಲಾವ್‌ಷಿ ಏನೂ ಹೇಳದೆ ಬಂದು ನನ್ನ ಬಲಗೈ ಎತ್ತಿ ಬಿಟ್ಟರು. ಅದು ಬಿದ್ದು ತೊಡೆಗೆ ಬಡಿಯಿತು. ನಾನು ಹಿಗ್ಗಿಹೋದೆ. ಅವರು ಈ ಕಡೆ ಬಂದು ಎಡಗೈ ಎತ್ತಿ ಬಿಟ್ಟರು. ಅದು ಗಾಳಿಯಲ್ಲೇ ನಿಂತಿತ್ತು.