ಕವರಿನ ಹಿಂಬದಿಯ ಹೆಸರುಗಳು

ಕೆಲಸಕ್ಕೆಂದು ಎಸ್ಟೋನಿಯಾದ ರಾಜಧಾನಿ ಟಾಲಿನ್‌ಗೆ ಬಂದ ಮೊದಲ ಚಳಿಗಾಲ. ಡಿಸೆಂಬರಿನಲ್ಲಿ ಇಲ್ಲಿ ಹಗಲಿರುವುದು ಆರು ತಾಸು ಅಷ್ಟೆ, ಮಧ್ಯಾಹ್ನ ಮೂರೂವರೆಗೆಲ್ಲ ಕತ್ತಲು. ಆಫೀಸಿನಿಂದ ಮನೆಗೆ ಹೋಗುವ ದಾರಿಯಲ್ಲಿ ಟೆಲ್ಲಿಸ್ಕಿವಿ ಸಿಗುತ್ತದೆ. ಹಳೇ ಕಾರ್ಖಾನೆಯ ಕಟ್ಟಡಗಳಲ್ಲಿ ಈಗ ಅಂಗಡಿ, ಹೋಟೆಲು, ಸ್ಟುಡಿಯೋಗಳಿವೆ. ಅಲ್ಲೊಂದು ರೆಕಾರ್ಡ್ ಅಂಗಡಿಗೆ ಚಳಿ ತಾಳಲಾರದೆ ಹೊಕ್ಕವನು ಒಂದು ಕ್ಯಾಸೆಟ್ ಹಿಡಿದುಕೊಂಡು ಹೊರಬಂದೆ. ಯಾರದೆಂದು ಗೊತ್ತಿರಲಿಲ್ಲ, ನನ್ನ ಹತ್ತಿರ ಕ್ಯಾಸೆಟ್ ಪ್ಲೇಯರೂ ಇರಲಿಲ್ಲ. ಒಳಗಿದ್ದ ಚೀಟಿಯಲ್ಲಿ ಡೌನ್‌ಲೋಡ್ ಕೋಡ್ ಇತ್ತು. ಅಂದು ರಾತ್ರಿ ಅದನ್ನು ಮೂರು ಸಲ ಕೇಳಿದೆ.

ಆಮೇಲಿನ ಒಂದು ವರ್ಷ ಅಂಥ ಇಲ್ಲಿಯ ಎಲೆಕ್ಟ್ರಾನಿಕ್ ಸಂಗೀತ ಹುಡುಕಲು ನಾನು ಮಾಡಿದ್ದೆಲ್ಲ ತಪ್ಪು ದಾರಿಯಲ್ಲಿ. ಸ್ಟ್ರೀಮಿಂಗ್ ಆ್ಯಪ್ ಕೊಟ್ಟ ಪಟ್ಟಿಗಳನ್ನೇ ನಂಬಿಕೊಂಡು ಕೂತೆ. ಅದರಲ್ಲಿ ಬರುತ್ತಿದ್ದುದು ಆಗಲೇ ಹೆಸರಾದ ನಾಲ್ಕೈದು ಮಂದಿ ಮಾತ್ರ. ಎಸ್ಟೋನಿಯಾದ ಜನಸಂಖ್ಯೆಯೇ ಸುಮಾರು 13.7 ಲಕ್ಷ, ನಮ್ಮ ಮೈಸೂರು ಜಿಲ್ಲೆಯ ಅರ್ಧದಷ್ಟೂ ಆಗುವುದಿಲ್ಲ. ಇಷ್ಟು ಪುಟ್ಟ ನಾಡಿನಲ್ಲಿ ಸ್ವಂತ ಖರ್ಚಿನಲ್ಲಿ ಎಲೆಕ್ಟ್ರಾನಿಕ್ ಸಂಗೀತ ಹೊರತರುವವರ ಹಾಡುಗಳು ಕೇಳುವವರ ಲೆಕ್ಕದ ಮೇಲೆ ಮೇಲಕ್ಕೆ ಬರುವುದು ಹೇಗೆ? ಹುಡುಕೋಣವೆಂದರೆ ಅಕ್ಷರಗಳ ತೊಡಕು. ಇಲ್ಲಿಯ ಓ ಸದ್ದಿನ ಅಕ್ಷರದ ಮೇಲೆ ಎರಡು ಚುಕ್ಕಿ ಇಟ್ಟರೆ ಒಂದು ಸ್ವರ, ಅಲೆಯಂಥ ಗೆರೆ ಎಳೆದರೆ ಇನ್ನೊಂದು. ನಾನು ಎರಡನ್ನೂ ಬಿಟ್ಟು ಟೈಪ್ ಮಾಡಿ, ಬೇರೆ ದೇಶದ ಬೇರೆ ಯಾರದೋ ಹಾಡುಗಳನ್ನು ವಾರಗಟ್ಟಲೆ ಕೇಳಿದ್ದೂ ಉಂಟು.

ದಾರಿ ಸಿಕ್ಕಿದ್ದು ಅದೇ ಕ್ಯಾಸೆಟ್ಟಿನ ಕವರಿನಲ್ಲಿ. ಒಂದು ಭಾನುವಾರ ಅದನ್ನು ಪೂರ್ತಿ ಬಿಡಿಸಿ ಮೇಜಿನ ಮೇಲೆ ಹರವಿದೆ. ಹಿಂಬದಿಯಲ್ಲಿ ಸಾಸಿವೆ ಕಾಳಿನಷ್ಟು ಸಣ್ಣ ಅಕ್ಷರ: ಸದ್ದುಗಳನ್ನು ಹದವಾಗಿ ಬೆರೆಸುವ ಮಿಕ್ಸಿಂಗ್ ಯಾರದು, ಅದಕ್ಕೆ ಕೊನೆಯ ಹದ ಕೊಡುವ ಮಾಸ್ಟರಿಂಗ್ ಯಾರದು, ಕವರ್ ಚಿತ್ರ ಯಾರದು, ಎರಡನೇ ಹಾಡಿನಲ್ಲಿ ದನಿ ಯಾರದು. ಮೂಲೆಯಲ್ಲಿ ಕುಲ್ಟೂರ್‌ಕಾಪಿಟಾಲ್‌ನ ಗುರುತು. ಮದ್ಯ, ತಂಬಾಕು ಮತ್ತು ಜೂಜಿನ ಮೇಲಿನ ತೆರಿಗೆಯ ಒಂದು ಪಾಲಿನಿಂದ ಕಲೆಗೆ ಹಣ ಕೊಡುವ ಸಂಸ್ಥೆ ಅದು. ಆ ಹೆಸರುಗಳನ್ನು ಒಂದೊಂದಾಗಿ ನೋಟ್‌ಬುಕ್ಕಿಗೆ ಇಳಿಸಿದೆ, ಚುಕ್ಕಿ ಗೆರೆಗಳ ಸಮೇತ. ಮಾಸ್ಟರಿಂಗ್ ಮಾಡಿದವರ ಹೆಸರು ಹಿಡಿದು ಹೋದರೆ ಇನ್ನೂ ಐದು ಆಲ್ಬಂ. ದನಿ ಕೊಟ್ಟವಳ ಹೆಸರು ಹಿಡಿದರೆ ಅವಳದೇ ಎರಡು ಆಲ್ಬಂ, ಒಂದಂತೂ ಹೋದ ತಿಂಗಳಷ್ಟೇ ಬಂದದ್ದು. ಎಲ್ಲರಿಗೂ ಎಲ್ಲರೂ ಗೊತ್ತಿರುವ ಊರಿನಲ್ಲಿ ಒಂದು ಹೆಸರಿನ ಬಾಗಿಲು ಇನ್ನೊಬ್ಬರ ಮನೆಗೆ ತೆರೆಯುತ್ತದೆ.

ಪಾರಿಜ್ ಬುಲೆಟ್ ಎಂಬ, ಸಂಗೀತ ಹೊರತರುವ ಟಾಲಿನ್ನಿನ ಲೇಬಲ್ ಸಿಕ್ಕಿದ್ದೂ ಹೀಗೆಯೇ. ಅಲ್ಲಿ ಅಯುಕಾಯಾ ಎಂಬ ಹೆಸರು ಮತ್ತೆ ಮತ್ತೆ ಕಾಣುತ್ತದೆ, ಮಿದುಳಿನ ಮಾರ್ದನಿ ಎಂದು ಅರ್ಥ. ಅದು ರೌಲ್ ಸಾರೆಮೆಟ್ಸ್ ಇಟ್ಟುಕೊಂಡ ಹೆಸರು. ರೋವೆಲ್ ಓಬಿಕ್ ಎಂಬ ರಾಕ್ ತಂಡದಲ್ಲಿ ಡ್ರಮ್ಸ್ ನುಡಿಸಿದವರು. ಅವರ ಜಾಡಿನಲ್ಲಿ ಗಾಯಕ ಮಾರ್ಟ್ ಅವಿ ಸಿಕ್ಕರು. ಇನ್ನೂ ಹಿಂದಕ್ಕೆ ಹೋದಾಗ ಸೋವಿಯತ್ ಕಾಲದ ಸಂಗೀತಗಾರ ಸ್ವೆನ್ ಗ್ರ್ಯುನ್‌ಬರ್ಗ್, 1981ರಲ್ಲಿ ಮೆಲೋಡಿಯಾ ಕಂಪನಿ ಹೊರತಂದ ಅವರ ‘ಹಿಂಗುಸ್’ ಆಲ್ಬಂ. ಹಿಂಗುಸ್ ಎಂದರೆ ಉಸಿರು. ಇಂದಿನ ಹುಡುಗರ ಆಲ್ಬಂಗಳನ್ನು ಇದರ ಪಕ್ಕದಲ್ಲಿಟ್ಟು ಕೇಳಿ ಎಂದು ಗೆಳೆಯರಿಗೆಲ್ಲ ಹೇಳುತ್ತಿರುತ್ತೇನೆ.

ನನ್ನ ಕಿವಿ ನಿಜವಾಗಿ ತೆರೆದದ್ದು ಮಾರ್ಯಾ ನೂಟ್ ಮತ್ತು ರೂಮ್ ಸೇರಿ ಮಾಡಿದ ‘ಮೂಂಡುಯಾ’ ಆಲ್ಬಮ್ಮಿನಿಂದ, 2018ರದು. ಮಾರ್ಯಾ ಅವರದು ಪಿಟೀಲು ಮತ್ತು ದನಿ. ರೂಮ್ ಎಂಬ ಹೆಸರಿನ ಹೆಂಡ್ರಿಕ್ ಕಲ್ಯುಯಾರ್ವ್ ಅವರದು ಎಲೆಕ್ಟ್ರಾನಿಕ್ಸ್. ದನಿಯ ತುಣುಕೊಂದು ಲೂಪಿನಲ್ಲಿ ಸುತ್ತುತ್ತಲೇ ಇರುತ್ತದೆ. ಅದನ್ನು ಆಫೀಸಿನ ಸಹೋದ್ಯೋಗಿಗೆ ಕೇಳಿಸಿ ಅರ್ಥ ಕೇಳಿದಾಗ ಆಕೆ ಮೊದಲು ತನ್ನ ಭಾಷೆಯ ಅಳತೆ ಹೇಳಿಕೊಟ್ಟಳು. ‘ಲಿನ’ ಎಂದರೆ ನಾರುಬಟ್ಟೆ. ‘ಲಿನ್ನ’ ಎಂದರೆ ನಗರದ. ಅದೇ ‘ಲಿನ್ನ’ವನ್ನು ಇನ್ನಷ್ಟು ಒತ್ತಿ ಎಳೆದರೆ ನಗರಕ್ಕೆ. ಬರೆಯುವುದು ಎರಡಕ್ಕೂ ಒಂದೇ ಥರ! ಕತೆ ಮತ್ತು ಕತ್ತೆಯ ವ್ಯತ್ಯಾಸ ತಿಳಿದ ಕನ್ನಡದ ಕಿವಿಗೆ ಮೊದಲೆರಡು ಸುಲಭವಾಗಿ ಹತ್ತಿದವು. ಮೂರನೆಯದಕ್ಕೆ ತಿಂಗಳುಗಳೇ ಬೇಕಾದವು. ಕಂಪ್ಯೂಟರಿನಲ್ಲಿ ದನಿಯನ್ನು ಎಳೆದು ಉದ್ದ ಮಾಡುವ ಕೆಲಸ ಎಲೆಕ್ಟ್ರಾನಿಕ್ ಸಂಗೀತದಲ್ಲಿ ದಿನನಿತ್ಯದ್ದು. ಈ ಭಾಷೆಯಲ್ಲಿ ಹಾಗೆ ಎಳೆದರೆ ಪದದ ಅರ್ಥವೇ ಬದಲಾಗಬಹುದು. ಅದು ಗೊತ್ತಾದ ಮೇಲೆ ಯಾವ ಹೊಸ ಆಲ್ಬಮ್ಮಿನಲ್ಲೂ ದನಿಯನ್ನು ಬರೀ ಸದ್ದೆಂದು ಕೇಳಲು ನನ್ನಿಂದ ಆಗಿಲ್ಲ.

ಈಗ ನನ್ನ ಕ್ರಮ ಹೀಗೆ. ಗುರುವಾರ ಸಂಜೆ, ಕಲಾವಿದರು ತಮ್ಮ ಸಂಗೀತವನ್ನು ತಾವೇ ಮಾರುವ ಬ್ಯಾಂಡ್‌ಕ್ಯಾಂಪ್ ಜಾಲತಾಣದಲ್ಲಿ ಟಾಲಿನ್, ಟಾರ್ಟು ಎಂಬ ಊರುಗಳ ಟ್ಯಾಗ್‌ಗಳಡಿ ಹೊಸದಾಗಿ ಬಂದದ್ದನ್ನು ನೋಡುತ್ತೇನೆ. ಟಾಲಿನ್ ಮತ್ತು ಹೆಲ್ಸಿಂಕಿಯ ಇಂಟರ್ನೆಟ್ ರೇಡಿಯೋ ‘ಇಡಾ’ ಕೇಳುತ್ತ ಹೊಸ ಹೆಸರು ಬಂದರೆ ಗುರುತು ಹಾಕಿಕೊಳ್ಳುತ್ತೇನೆ. ಇಷ್ಟವಾದದ್ದನ್ನು ದುಡ್ಡು ಕೊಟ್ಟೇ ಕೊಳ್ಳುತ್ತೇನೆ, ಇದರಲ್ಲಿ ರಾಜಿ ಇಲ್ಲ. ಡಿಜಿಟಲ್ ಮಾರಾಟದಲ್ಲಿ ಬ್ಯಾಂಡ್‌ಕ್ಯಾಂಪ್ ಸಾಮಾನ್ಯವಾಗಿ ಶೇ. 15 ಇಟ್ಟುಕೊಳ್ಳುತ್ತದೆ, ಪಾವತಿಯ ಖರ್ಚು ಕಳೆದು ಉಳಿದದ್ದು ಕಲಾವಿದರಿಗೆ. 2020ರ ಮಾರ್ಚಿನಲ್ಲಿ ಶುರುವಾದ ‘ಬ್ಯಾಂಡ್‌ಕ್ಯಾಂಪ್ ಶುಕ್ರವಾರ’ ಎಂಬ ಆಯ್ದ ಕೆಲವು ಶುಕ್ರವಾರಗಳಂದು ಆ ಪಾಲನ್ನೂ ಬಿಟ್ಟುಕೊಡುತ್ತದೆ. ಹಾಗಾಗಿ ಆ ದಿನ ಬರುವವರೆಗೆ ಕಾಯುವುದೂ ಉಂಟು. ಕೊಂಡ ಮೇಲೆ ಮೊದಲ ಸಲ ಕೊಪ್ಲಿಗೆ ಹೋಗುವ ಟ್ರಾಮಿನಲ್ಲಿ ಹೆಡ್‌ಫೋನಿನಲ್ಲಿ, ಎರಡನೇ ಸಲ ಮನೆಯಲ್ಲಿ ದೀಪ ಆರಿಸಿ, ಮೂರನೇ ಸಲ ಹೆಸರುಗಳನ್ನು ಮುಂದಿಟ್ಟುಕೊಂಡು ಕೇಳುತ್ತೇನೆ. ಹೆಸರುಗಳೇ ಹಾಕದ ಆಲ್ಬಂ ಸಿಕ್ಕರೆ ಬೇಸರವಾಗುತ್ತದೆ. ಆಗ ಕಲಾವಿದರಿಗೇ ಬರೆದು ಕೇಳುತ್ತೇನೆ. ಬಹಳ ಸಲ ಅದೇ ದಿನ ಉತ್ತರ ಬರುತ್ತದೆ.

ಕಳೆದ ತಿಂಗಳು ಒಬ್ಬ ಕಲಾವಿದನಿಗೆ ಹಾಗೆ ಬರೆದಾಗ, ಕೊನೆಯ ಹಾಡಿನಲ್ಲಿ ನನಗೆ ‘ನಗರಕ್ಕೆ’ ಎಂದು ಕೇಳಿಸಿತು, ಸರಿಯೇ ಎಂದು ಒಂದು ಸಾಲು ಸೇರಿಸಿದ್ದೆ. ಆ ದನಿ ತನ್ನ ಅಜ್ಜಿಯದು, ಅಡುಗೆಮನೆಯಲ್ಲಿ ಫೋನಿನಲ್ಲಿ ರೆಕಾರ್ಡ್ ಮಾಡಿದ್ದು ಎಂದು ಆತ ಉತ್ತರಿಸಿದ. ಅಜ್ಜಿ ಹೇಳಿದ್ದು ‘ನಗರದ’ ಎಂದು. ಎಳೆದು ‘ನಗರಕ್ಕೆ’ ಮಾಡಿದವನು ಅವನು.