ಲೋಕಲ್‌ಹೋಸ್ಟ್‌ನಿಂದ ಸ್ವಂತ ಹೆಸರಿನ ಸುರಕ್ಷಿತ ವಿಳಾಸಕ್ಕೆ: ನನ್ನ ಅನುಭವ

ನಾನು ಕಟ್ಟುತ್ತಿದ್ದ ವೆಬ್ ಅಪ್ಲಿಕೇಶನ್ನಿಗೆ ಮೂರು ಭಾಗಗಳಿದ್ದವು: ಬಳಕೆದಾರರ ತಾಣ, ನಿರ್ವಾಹಕರ ತಾಣ ಮತ್ತು ಇವೆರಡಕ್ಕೂ ದತ್ತಾಂಶ ಒದಗಿಸುವ ಎಪಿಐ. ನನ್ನ ಕಂಪ್ಯೂಟರಿನಲ್ಲಿ ಇವು ಲೋಕಲ್‌ಹೋಸ್ಟ್ (ಕಂಪ್ಯೂಟರ್ ತನ್ನನ್ನೇ ಕರೆದುಕೊಳ್ಳುವ ಹೆಸರು) ಎಂಬ ಒಂದೇ ಹೆಸರಿನಡಿ 3000, 3001 ಮತ್ತು 8000 ಪೋರ್ಟ್‌ಗಳಲ್ಲಿ, ಅಂದರೆ ಒಂದೇ ಯಂತ್ರದ ಬೇರೆಬೇರೆ ಸಂಖ್ಯೆಯ ಬಾಗಿಲುಗಳಲ್ಲಿ, ನಡೆಯುತ್ತಿದ್ದವು. ನಿರ್ವಾಹಕರ ತಾಣಕ್ಕೆ ಲಾಗಿನ್ ಆದೊಡನೆ ಬಳಕೆದಾರರ ತಾಣದಿಂದ ಹೊರಬೀಳುತ್ತಿದ್ದೆ. ಮತ್ತೆ ಇತ್ತ ಲಾಗಿನ್ ಆದರೆ ಅತ್ತ ಹೊರಗೆ. ಎರಡು ದಿನ, ಲಾಗಿನ್ ಆದವರನ್ನು ನೆನಪಿಡುವ ಸೆಷನ್ ಕೋಡನ್ನು ಸಾಲುಸಾಲಾಗಿ ಓದಿದರೂ ತಪ್ಪು ಸಿಗಲಿಲ್ಲ, ಏಕೆಂದರೆ ಅದು ಅಲ್ಲಿರಲೇ ಇಲ್ಲ. ಲೋಕಲ್ ಸ್ಟೋರೇಜ್ ಎಂಬ ದತ್ತಾಂಶ ಸಂಗ್ರಹವನ್ನು ಬ್ರೌಸರ್ ಪೋರ್ಟ್‌ವಾರು ಬೇರೆಬೇರೆಯಾಗಿ ಇಡುತ್ತದೆ, ಆದರೆ ಲಾಗಿನ್ ಗುರುತಿನಂಥ ಸಣ್ಣ ಮಾಹಿತಿ ಹೊರುವ ಕುಕೀಗಳಿಗೆ ಪೋರ್ಟಿನ ಪರಿವೆಯಿಲ್ಲ. ಎರಡೂ ತಾಣಗಳು ಒಂದೇ ಹೆಸರಿನ ಕುಕೀ ಬರೆಯುತ್ತಿದ್ದುದರಿಂದ ಒಂದು ಇನ್ನೊಂದನ್ನು ಅಳಿಸುತ್ತಿತ್ತು.

ಕುಕೀಯ ಹೆಸರು ಬದಲಿಸಿ ಮುಂದುವರಿಯಬಹುದಿತ್ತು. ಆದರೆ ನಿಜವಾದ ಸರ್ವರಿನಲ್ಲಿ ಈ ಮೂರು ಭಾಗಗಳು ಬೇರೆಬೇರೆ ಸಬ್‌ಡೊಮೇನ್‌ಗಳಲ್ಲಿ (ಒಂದೇ ಹೆಸರಿನ ಮುಂದೆ ಸೇರಿಸಿದ ಉಪಹೆಸರುಗಳಲ್ಲಿ), ಸುರಕ್ಷಿತ ಸಂಪರ್ಕವಾದ ಎಚ್‌ಟಿಟಿಪಿಎಸ್ ಮೂಲಕ, ಸೆಕ್ಯೂರ್ (ಸುರಕ್ಷಿತ ಸಂಪರ್ಕದಲ್ಲಷ್ಟೇ ಹೋಗು) ಮತ್ತು ಸೇಮ್‌ಸೈಟ್ (ಬೇರೆ ಸೈಟಿನ ಕೋರಿಕೆಗಳಲ್ಲಿ ಹೋಗುವುದಕ್ಕೆ ಮಿತಿ) ಎಂಬ ಗುರುತು ಹೊತ್ತ ಕುಕೀಗಳೊಂದಿಗೆ ಬದುಕಬೇಕಾದವು. ಅವನ್ನು ಆ ಯಾವ ನಿಯಮವೂ ಇಲ್ಲದ ಜಾಗದಲ್ಲಿ ಬೆಳೆಸುತ್ತಿದ್ದೇನೆ ಎಂಬುದು ನನಗೆ ಆಗ ಮನದಟ್ಟಾಯಿತು. ಲೋಕಲ್‌ಹೋಸ್ಟನ್ನು ಬ್ರೌಸರ್‌ಗಳು ಎಚ್‌ಟಿಟಿಪಿಯಲ್ಲಿದ್ದರೂ ಸುರಕ್ಷಿತವೆಂದೇ ಪರಿಗಣಿಸುವುದರಿಂದ ಸರ್ವಿಸ್ ವರ್ಕರ್ (ಪುಟದ ಹಿನ್ನೆಲೆಯಲ್ಲಿ ನಡೆಯುವ ಸ್ಕ್ರಿಪ್ಟ್), ಕ್ಯಾಮೆರಾ ಎಲ್ಲವೂ ಅಲ್ಲಿ ಕೆಲಸ ಮಾಡುತ್ತವೆ. ಅದೇ ಪುಟವನ್ನು 192.168 ಎಂದು ಆರಂಭವಾಗುವ, ಮನೆಯ ನೆಟ್‌ವರ್ಕಿನ ವಿಳಾಸದಿಂದ ಫೋನಿನಲ್ಲಿ ತೆರೆದರೆ ಆ ವಿನಾಯಿತಿ ಇರುವುದಿಲ್ಲ.

ಮೊದಲು ಹೆಸರನ್ನು ಆರಿಸಬೇಕಿತ್ತು. ಡಾಟ್ ಡೆವ್ ನೋಡಲು ಚೆನ್ನಾಗಿದೆ, ಆದರೆ ಅದು ಗೂಗಲ್ ನಿರ್ವಹಿಸುವ ನಿಜವಾದ ಡೊಮೇನ್. ಅದರ ಹೆಸರುಗಳನ್ನು 2019ರಿಂದ ಯಾರು ಬೇಕಾದರೂ ನೋಂದಾಯಿಸಬಹುದು, ಹಾಗಾಗಿ ನಾನು ಸುಮ್ಮನೆ ಇಟ್ಟುಕೊಂಡ ಹೆಸರು ಇನ್ನೊಬ್ಬರದಾಗಿರಬಹುದು. ಡಾಟ್ ಲೋಕಲ್ ಎಂಬುದನ್ನು ಮಲ್ಟಿಕಾಸ್ಟ್ ಡಿಎನ್ಎಸ್ ಬಳಸುತ್ತದೆ (ಡಿಎನ್ಎಸ್ ಎಂದರೆ ಹೆಸರನ್ನು ವಿಳಾಸವಾಗಿಸುವ ವ್ಯವಸ್ಥೆ; ಇದು ಸ್ಥಳೀಯ ನೆಟ್‌ವರ್ಕಿನ ಸಾಧನಗಳನ್ನು ಹುಡುಕುವ ಅದರ ಬಗೆ). ಪ್ರಿಂಟರ್ ಹುಡುಕುವ ವ್ಯವಸ್ಥೆಯೊಡನೆ ನನ್ನ ತಾಣ ಜಗಳವಾಡುವುದು ಬೇಡವಾಗಿತ್ತು. ಡಾಟ್ ಟೆಸ್ಟ್ ಮಾತ್ರ 1999ರ ಆರ್‌ಎಫ್‌ಸಿ 2606 ಎಂಬ ಇಂಟರ್ನೆಟ್ ನಿಯಮದ ದಾಖಲೆಯಲ್ಲಿಯೇ ಪರೀಕ್ಷೆಗೆಂದು ಕಾಯ್ದಿರಿಸಿದ ಹೆಸರು, ಅದನ್ನೇ ಹಿಡಿದೆ.

ಹಿಡಿದ ಮೇಲೂ ಎಡವಿದೆ. ಮೂರು ಭಾಗಗಳಿಗೆ ತಾಣ.ಟೆಸ್ಟ್, ನಿರ್ವಾಹಕ.ಟೆಸ್ಟ್, ಎಪಿಐ.ಟೆಸ್ಟ್ ಎಂದು ಹೆಸರಿಟ್ಟಿದ್ದೆ. ತಾಣದಿಂದ ಎಪಿಐಗೆ ಕಳುಹಿಸಿದ ಕೋರಿಕೆಗಳಲ್ಲಿ ಕುಕೀಯೇ ಇರಲಿಲ್ಲ. ಬ್ರೌಸರ್ ಒಂದೇ ಸೈಟ್ ಎಂದು ಎಣಿಸುವುದು ಕೊನೆಯ ಪ್ರತ್ಯಯವನ್ನೂ ಅದರ ಹಿಂದಿನ ಒಂದು ಪದವನ್ನೂ ಸೇರಿಸಿ. ಆ ಲೆಕ್ಕದಲ್ಲಿ ನನ್ನ ಮೂರು ಹೆಸರುಗಳು ಪರಸ್ಪರ ಸಂಬಂಧವೇ ಇಲ್ಲದ ಮೂರು ಸೈಟುಗಳು, ಹಾಗಾಗಿ ಸೇಮ್‌ಸೈಟ್‌ನ ಲ್ಯಾಕ್ಸ್ ಎಂಬ ಸಡಿಲ ಮಟ್ಟದ ಕುಕೀ ಕೂಡ ಹಿನ್ನೆಲೆಯ ಕೋರಿಕೆಗಳೊಡನೆ ದಾಟಿ ಹೋಗುವುದಿಲ್ಲ. ಎಲ್ಲವನ್ನೂ ಅಂಗಳ.ಟೆಸ್ಟ್ ಎಂಬ ಒಂದೇ ಹೆಸರಿನಡಿಗೆ ತಂದು ತಾಣ, ನಿರ್ವಾಹಕ, ಎಪಿಐ ಎಂಬ ಸಬ್‌ಡೊಮೇನ್‌ಗಳಾಗಿ ಮಾಡಿದಾಗ ಕುಕೀಗಳು ನಿಜವಾದ ಸರ್ವರಿನಲ್ಲಿ ನಡೆದುಕೊಳ್ಳುವಂತೆಯೇ ನಡೆದುಕೊಂಡವು. ಈ ಒಂದು ತಪ್ಪಿನಿಂದ ಕಲಿತಷ್ಟನ್ನು ನಾನು ಯಾವ ಕೈಪಿಡಿಯಿಂದಲೂ ಕಲಿತಿರಲಿಲ್ಲ.

ಹೆಸರನ್ನು 127.0.0.1ಕ್ಕೆ, ಅಂದರೆ ನನ್ನದೇ ಯಂತ್ರಕ್ಕೆ, ತಿರುಗಿಸಲು ಹೆಸರು-ವಿಳಾಸಗಳ ಜೋಡಿ ಬರೆದಿಡುವ ಹೋಸ್ಟ್ಸ್ ಕಡತದಲ್ಲಿ ಮೂರು ಸಾಲು ಸಾಕಾಯಿತು. ಆ ಕಡತಕ್ಕೆ ವೈಲ್ಡ್‌ಕಾರ್ಡ್ (ಎಲ್ಲ ಸಬ್‌ಡೊಮೇನ್‌ಗಳಿಗೂ ಹೊಂದುವ ನಕ್ಷತ್ರ ಚಿಹ್ನೆ) ತಿಳಿಯದು; ಮುಂದೆ ಗ್ರಾಹಕರಿಗೊಂದೊಂದು ಸಬ್‌ಡೊಮೇನ್ ಬೇಕಾದಾಗ ಡಿಎನ್ಎಸ್‌ಮಾಸ್ಕ್ ಎಂಬ ಸಣ್ಣ ಡಿಎನ್ಎಸ್ ಸರ್ವರ್ ಹಾಕಿಕೊಂಡೆ.

ಎಚ್‌ಟಿಟಿಪಿಎಸ್‌ಗೆ, ತಾಣದ ಗುರುತನ್ನು ಬ್ರೌಸರಿಗೆ ಸಾಬೀತುಪಡಿಸುವ ಪ್ರಮಾಣಪತ್ರ ಬೇಕು. ಅದರಲ್ಲಿ ನನ್ನ ಮೊದಲ ಪ್ರಯತ್ನ ಓಪನ್‌ಎಸ್‌ಎಸ್‌ಎಲ್ ಎಂಬ ಸಾಧನದಿಂದ ನಾನೇ ಸಹಿ ಮಾಡಿಕೊಂಡದ್ದು. ಕಾಮನ್ ನೇಮ್ ಜಾಗದಲ್ಲಿ ಮಾತ್ರ ಹೆಸರು ಬರೆದಿದ್ದೆ. ಕ್ರೋಮ್ 2017ರ 58ನೇ ಆವೃತ್ತಿಯಿಂದ ಅದನ್ನು ನೋಡುವುದನ್ನೇ ಬಿಟ್ಟು, ಸಬ್ಜೆಕ್ಟ್ ಆಲ್ಟರ್ನೇಟಿವ್ ನೇಮ್‌ನಲ್ಲಿ ಇರುವುದನ್ನಷ್ಟೇ ಒಪ್ಪುತ್ತದೆ. ಅದಕ್ಕಿಂತ ಹೆಚ್ಚಾಗಿ, ನನ್ನ ಸಹಿಯನ್ನು ನಂಬದ ಬ್ರೌಸರ್ ತೋರಿಸುವ ಎಚ್ಚರಿಕೆಯ ಪುಟವನ್ನು ದಿನಕ್ಕೆ ಹತ್ತು ಸಲ ದಾಟಿಕೊಂಡು ಹೋಗುವ ಅಭ್ಯಾಸ ನನ್ನಲ್ಲಿ ಬೆಳೆಯುತ್ತಿದ್ದುದು ನನಗೆ ಇಷ್ಟವಾಗಲಿಲ್ಲ. ಆದ್ದರಿಂದ ಎಂಕೆಸರ್ಟ್ ಎಂಬ ಸಾಧನಕ್ಕೆ ಬಂದೆ. ಅದು ಕಂಪ್ಯೂಟರಿನಲ್ಲಿಯೇ ಒಂದು ಸಣ್ಣ ಪ್ರಮಾಣೀಕರಣ ಪ್ರಾಧಿಕಾರವನ್ನು ಸ್ಥಾಪಿಸಿ, ಅದರ ಮೂಲ ಪ್ರಮಾಣಪತ್ರವನ್ನು ವ್ಯವಸ್ಥೆಯ ನಂಬಿಕೆಯ ಪಟ್ಟಿಗೆ ಸೇರಿಸಿ, ನಂತರ ಕೇಳಿದ ಹೆಸರುಗಳಿಗೆ ಪ್ರಮಾಣಪತ್ರ ಕೊಡುತ್ತದೆ. ಅಂಗಳ.ಟೆಸ್ಟ್ ಮತ್ತು ಅದರ ವೈಲ್ಡ್‌ಕಾರ್ಡ್ ಎರಡನ್ನೂ ಕೇಳಬೇಕು, ಏಕೆಂದರೆ ವೈಲ್ಡ್‌ಕಾರ್ಡ್ ಒಂದು ಮಟ್ಟವನ್ನಷ್ಟೇ ಒಳಗೊಳ್ಳುತ್ತದೆ, ಬರಿಯ ಹೆಸರನ್ನು ಒಳಗೊಳ್ಳುವುದಿಲ್ಲ. ಲಿನಕ್ಸ್‌ನಲ್ಲಿ ಫೈರ್‌ಫಾಕ್ಸ್ ಕೂಡ ನಂಬಬೇಕಾದರೆ ಅದರ ಪಟ್ಟಿಗೆ ಪ್ರಮಾಣಪತ್ರ ಸೇರಿಸುವ ಸರ್ಟ್‌ಯುಟಿಲ್ ಎಂಬ ಸಾಧನ ಮೊದಲೇ ಇರಬೇಕು.

ಎಚ್‌ಟಿಟಿಪಿಎಸ್‌ನ 443ನೇ ಪೋರ್ಟಿನಲ್ಲಿ ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರನ್ನು ರಿವರ್ಸ್ ಪ್ರಾಕ್ಸಿಯಾಗಿ (ಎಲ್ಲ ಕೋರಿಕೆಗಳನ್ನೂ ಮೊದಲು ಪಡೆದು ಹಂಚುವ ಮಧ್ಯವರ್ತಿಯಾಗಿ) ಕೂರಿಸಿ, ಹೆಸರು ನೋಡಿ ಆಯಾ ಪೋರ್ಟಿಗೆ ಕೋರಿಕೆ ಕಳುಹಿಸುವಂತೆ ಮಾಡಿದೆ. ತಾಣ ತೆರೆದರೆ ಕೊನೆಯಿಲ್ಲದ ರೀಡೈರೆಕ್ಟ್. ಪ್ರಾಕ್ಸಿಯ ಹಿಂದಿನ ಅಪ್ಲಿಕೇಶನ್ನಿಗೆ ಕೋರಿಕೆ ಎಚ್‌ಟಿಟಿಪಿಯಲ್ಲೇ ಮುಟ್ಟುತ್ತಿತ್ತು, ಅದು ಎಚ್‌ಟಿಟಿಪಿಎಸ್‌ಗೆ ಹೋಗು ಎನ್ನುತ್ತಿತ್ತು, ಬ್ರೌಸರ್ ಅಲ್ಲಿಯೇ ಇತ್ತು. ಮೂಲ ಕೋರಿಕೆ ಎಚ್‌ಟಿಟಿಪಿಎಸ್‌ನಲ್ಲೇ ಬಂದಿತ್ತೆಂದು ತಿಳಿಸುವ ಎಕ್ಸ್-ಫಾರ್ವರ್ಡೆಡ್-ಪ್ರೋಟೊ ಎಂಬ ಹೆಡರನ್ನು (ಕೋರಿಕೆಯ ಜೊತೆಗಿನ ಟಿಪ್ಪಣಿಯನ್ನು) ಪ್ರಾಕ್ಸಿಯಿಂದ ಕಳುಹಿಸಿ, ಅಪ್ಲಿಕೇಶನ್ ಅದನ್ನು ನಂಬುವಂತೆ ಹೊಂದಿಸಿದ ಮೇಲೆ ಅದು ನಿಂತಿತು. ಕೋಡ್ ಬದಲಿಸಿದೊಡನೆ ಪುಟ ತಾನೇ ಹೊಸತಾಗುವ ಸೌಲಭ್ಯವೂ ನಿಂತುಹೋಗಿತ್ತು. ಅದು ವೆಬ್‌ಸಾಕೆಟ್ ಎಂಬ ಸದಾ ತೆರೆದಿರುವ ಸಂಪರ್ಕದ ಮೇಲೆ ನಡೆಯುವುದರಿಂದ ಅಪ್‌ಗ್ರೇಡ್ ಮತ್ತು ಕನೆಕ್ಷನ್ ಹೆಡರ್‌ಗಳನ್ನು ದಾಟಿಸಬೇಕಾಯಿತು. ಡೆವಲಪ್‌ಮೆಂಟ್ ಸರ್ವರಿನ ಅನುಮತಿಸಿದ ಹೋಸ್ಟ್‌ಗಳ ಪಟ್ಟಿಗೂ ಹೊಸ ಹೆಸರು ಸೇರಿಸಬೇಕು. ಎಲ್ಲ ಹೆಸರನ್ನೂ ಒಪ್ಪುವಂತೆ ಅದನ್ನು ತೆರೆದುಬಿಡುವುದನ್ನು ನಾನು ಒಪ್ಪುವುದಿಲ್ಲ, ಆ ಪಟ್ಟಿ ಇರುವುದೇ ಡಿಎನ್ಎಸ್ ರೀಬೈಂಡಿಂಗ್ ದಾಳಿಯನ್ನು (ದಾಳಿಕೋರರು ತಮ್ಮ ಹೆಸರನ್ನು ನನ್ನ ಯಂತ್ರದ ವಿಳಾಸಕ್ಕೆ ತಿರುಗಿಸಿ ಒಳನುಗ್ಗುವುದನ್ನು) ತಡೆಯಲು.

ಬ್ರೌಸರ್ ಒಪ್ಪಿದ್ದನ್ನು ಮಿಕ್ಕವರು ಒಪ್ಪಲಿಲ್ಲ. ಸರ್ವರಿನಲ್ಲಿ ಜಾವಾಸ್ಕ್ರಿಪ್ಟ್ ನಡೆಸುವ ನೋಡ್ ಸಾಮಾನ್ಯವಾಗಿ ತನ್ನದೇ ಪಟ್ಟಿಯನ್ನು ನಂಬುವುದರಿಂದ ನೋಡ್ ಎಕ್ಸ್‌ಟ್ರಾ ಸಿಎ ಸರ್ಟ್ಸ್ ಎಂಬ ಪರಿಸರ ಚರಾಂಕದಲ್ಲಿ ಮೂಲ ಪ್ರಮಾಣಪತ್ರದ ಹಾದಿ ಕೊಟ್ಟೆ. ಡಾಕರ್ ಕಂಟೇನರಿನೊಳಗೆ (ಅಪ್ಲಿಕೇಶನ್ ಪ್ರತ್ಯೇಕವಾಗಿ ನಡೆಯುವ ಪೆಟ್ಟಿಗೆಯೊಳಗೆ) 127.0.0.1 ಎಂದರೆ ಆ ಕಂಟೇನರೇ ಆದುದರಿಂದ, ಅಲ್ಲಿ ಪ್ರಾಕ್ಸಿಗೆ ಎಪಿಐ.ಅಂಗಳ.ಟೆಸ್ಟ್ ಎಂಬ ನೆಟ್‌ವರ್ಕ್ ಅಲಿಯಾಸ್ (ಅಡ್ಡಹೆಸರು) ಇಟ್ಟೆ. ಪ್ರಮಾಣಪತ್ರದ ಪರಿಶೀಲನೆಯನ್ನೇ ಆಫ್ ಮಾಡುವ ಒಂದು ಸಾಲಿನ ಉಪಾಯವನ್ನು ಬೇಕೆಂದೇ ಬಳಸಲಿಲ್ಲ. ಅಂಥ ಸಾಲು ಒಂದು ದಿನ ನಿಜವಾದ ಸರ್ವರಿಗೂ ಹೋಗಿಬಿಡುತ್ತದೆ ಎಂಬ ಭಯ ನನಗಿದೆ.

ಫೋನಿಗಾಗಿ ಡಿಎನ್ಎಸ್‌ಮಾಸ್ಕ್ ಉತ್ತರವನ್ನು ನೆಟ್‌ವರ್ಕಿನಲ್ಲಿ ನನ್ನ ಕಂಪ್ಯೂಟರಿಗಿರುವ ವಿಳಾಸಕ್ಕೆ ಬದಲಿಸಿ, ಫೋನಿನ ಡಿಎನ್ಎಸ್ ಆಗಿ ಅದನ್ನೇ ಕೊಟ್ಟೆ. ಐಫೋನಿನಲ್ಲಿ ಮೂಲ ಪ್ರಮಾಣಪತ್ರದ ಪ್ರೊಫೈಲ್ ಸ್ಥಾಪಿಸಿದರಷ್ಟೇ ಸಾಲದು, ಸೆಟ್ಟಿಂಗ್ಸ್‌ನ ಅಬೌಟ್ ಪುಟದ ಕೊನೆಯಲ್ಲಿರುವ ಸರ್ಟಿಫಿಕೇಟ್ ಟ್ರಸ್ಟ್ ಸೆಟ್ಟಿಂಗ್ಸ್‌ನಲ್ಲಿ ಪೂರ್ಣ ನಂಬಿಕೆಯನ್ನು ಆನ್ ಮಾಡಬೇಕು. ಆಂಡ್ರಾಯ್ಡ್‌ನಲ್ಲಿ ಕ್ರೋಮ್ ಒಪ್ಪುತ್ತದೆ, ಆದರೆ 7ನೇ ಆವೃತ್ತಿಯಿಂದ ಈಚೆಗೆ ಆ್ಯಪ್‌ಗಳು ಬಳಕೆದಾರ ಸೇರಿಸಿದ ಪ್ರಾಧಿಕಾರವನ್ನು ತಾವಾಗಿ ನಂಬುವುದಿಲ್ಲ.

ಫೋನಿಗೆ ಕಳುಹಿಸಿದ್ದು ಮೂಲ ಪ್ರಮಾಣಪತ್ರವನ್ನು ಮಾತ್ರ. ಅದರ ಪಕ್ಕದಲ್ಲಿಯೇ ಇರುವ ಖಾಸಗಿ ಕೀಲಿ ಯಾರ ಕೈಗಾದರೂ ಸಿಕ್ಕರೆ ಅವರು ನನ್ನ ಬ್ರೌಸರ್ ನಂಬುವಂತೆ ಯಾವ ತಾಣದ ಹೆಸರಿಗಾದರೂ ಪ್ರಮಾಣಪತ್ರ ಮಾಡಬಲ್ಲರು. ಸಹೋದ್ಯೋಗಿಯೊಬ್ಬರು ಕೆಲಸಕ್ಕೆ ಅನುಕೂಲವೆಂದು ಆ ಕೀಲಿಯನ್ನು ತಂಡದ ರೆಪಾಸಿಟರಿಗೆ (ಎಲ್ಲರೂ ಹಂಚಿಕೊಳ್ಳುವ ಕೋಡ್ ಸಂಗ್ರಹಕ್ಕೆ) ಹಾಕೋಣ ಎಂದಾಗ ನಾನು ಗಟ್ಟಿಯಾಗಿ ವಿರೋಧಿಸಿದೆ. ಈಗ ರೆಪಾಸಿಟರಿಯಲ್ಲಿ ಪ್ರಾಕ್ಸಿಯ ಸಂರಚನೆ ಮತ್ತು ಹೋಸ್ಟ್ಸ್ ಸಾಲುಗಳಷ್ಟೇ ಇವೆ; ಪ್ರತಿಯೊಬ್ಬರೂ ತಮ್ಮ ಯಂತ್ರದಲ್ಲಿ ತಮ್ಮದೇ ಪ್ರಾಧಿಕಾರ ಮಾಡಿಕೊಳ್ಳುತ್ತಾರೆ. ತಾಣದ ಪ್ರಮಾಣಪತ್ರಕ್ಕೆ ಎರಡು ವರ್ಷ ಮೂರು ತಿಂಗಳ ಆಯಸ್ಸು. ನನ್ನ ಮೊದಲನೆಯದು ಮುಗಿದಾಗ ಅದೇ ಆಜ್ಞೆಯನ್ನು ಮತ್ತೆ ಕೊಟ್ಟು ಎಂಜಿನ್‌ಎಕ್ಸ್ ಅನ್ನು ರೀಲೋಡ್ ಮಾಡಿದೆ, ಫೋನನ್ನು ಮುಟ್ಟಬೇಕಾಗಲಿಲ್ಲ.