ಹೆಪ್ಪುಗಟ್ಟಿದ ಸರೋವರದ ಮೇಲೆ ಲಾರಿ: ದಪ್ಪ ಅಳೆದರೆ ಸಾಲದು, ವೇಗದ ಲೆಕ್ಕವೂ ಬೇಕು

ಕೆನಡಾದ ಯೆಲ್ಲೋನೈಫ್ ಬಳಿಯ ಟಿಬಿಟ್ ಸರೋವರದಿಂದ ಉತ್ತರದ ವಜ್ರದ ಗಣಿಗಳಿಗೆ ಪ್ರತಿ ಚಳಿಗಾಲ ಒಂದು ರಸ್ತೆ ಸಿದ್ಧವಾಗುತ್ತದೆ. ಅದರ ಬಹುಪಾಲು ಹಾದುಹೋಗುವುದು ಸರೋವರಗಳ ಮೇಲೆ. ಸರಕು ತುಂಬಿದ ಲಾರಿಗೆ ಅಲ್ಲಿನ ಮಿತಿ ಗಂಟೆಗೆ 25 ಕಿ.ಮೀ. ಮಂಜುಗಡ್ಡೆ ಒಂದು ಮೀಟರ್ ದಪ್ಪವಿದ್ದರೂ ವೇಗ ಏರಿಸುವಂತಿಲ್ಲ. ಜಾರುತ್ತದೆ ಎಂಬುದಕ್ಕಿಂತ ದೊಡ್ಡ ಕಾರಣ ಗಡ್ಡೆಯ ಕೆಳಗಿನ ನೀರು.

ತೇಲುವ ಗಡ್ಡೆಯ ಮೇಲೆ ಭಾರ ನಿಂತಾಗ ಸುತ್ತ ಹಲವು ಮೀಟರ್‌ವರೆಗೆ ಅಗಲವಾದ ತಗ್ಗು ಬೀಳುತ್ತದೆ. ಲಾರಿ ಹೊರಟರೆ ಆ ತಗ್ಗೂ ಜೊತೆಗೇ ಸಾಗುತ್ತದೆ, ಅಷ್ಟು ನೀರು ಪಕ್ಕಕ್ಕೆ ಸರಿದು ಜಾಗ ಬಿಡಬೇಕು. ಗಡ್ಡೆ ಮತ್ತು ನೀರು ಕೂಡಿ ಸಾಗುವ ಅಲೆಗೆ ಒಂದು ಕನಿಷ್ಠ ವೇಗವಿದೆ. ಅದೇ ನಿರ್ಣಾಯಕ ವೇಗ. ಅದಕ್ಕಿಂತ ತುಂಬಾ ನಿಧಾನವಾಗಿ ಹೋದರೆ ತಗ್ಗಿನ ಆಕಾರ ನಿಂತ ಗಾಡಿಯದರಂತೆಯೇ ಇರುತ್ತದೆ. ಆ ವೇಗ ಹತ್ತಿರವಾದಂತೆ ಅಲೆಯ ಶಕ್ತಿ ಲಾರಿಯಿಂದ ದೂರ ಓಡಲಾರದೆ ಅಲ್ಲೇ ಕೂಡಿಕೊಂಡು, ತಗ್ಗು ಆಳವಾಗಿ, ಕಿರಿದಾಗಿ, ಗಾಲಿಗಿಂತ ತುಸು ಹಿಂದೆ ಬೀಳುತ್ತದೆ. ಆ ವೇಗ ದಾಟಿದ ಮೇಲೆ ಲಾರಿಯ ಮುಂದೆ ಚಿಕ್ಕ ಅಲೆಗಳು, ಹಿಂದೆ ಉದ್ದ ಅಲೆಗಳು.

ಮೊದಲು ದಪ್ಪ. ಬೈರಿಗೆಯಿಂದ ರಂಧ್ರ ಕೊರೆದು, ತುದಿಗೆ ಕೊಕ್ಕೆಯಿರುವ ಅಳತೆಕೋಲನ್ನು ಇಳಿಸಿ, ಗಡ್ಡೆಯ ಅಡಿಗೆ ಸಿಕ್ಕಿಸಿ ಓದಿ. ನೆನೆದ ಹಿಮ ಹೆಪ್ಪುಗಟ್ಟಿದ ಬಿಳಿ ಪದರವನ್ನು ಅರ್ಧಕ್ಕೇ ಲೆಕ್ಕ ಹಿಡಿಯಿರಿ: 40 ಸೆಂ.ಮೀ. ತಿಳಿ ಗಡ್ಡೆ, 20 ಸೆಂ.ಮೀ. ಬಿಳಿ ಗಡ್ಡೆ ಇದ್ದರೆ ಲೆಕ್ಕಕ್ಕೆ 50. ಲೆಕ್ಕಕ್ಕೆ ಬೇಕಾದ್ದು ದಾರಿಯುದ್ದಕ್ಕೂ ಸಿಕ್ಕ ಕನಿಷ್ಠ ದಪ್ಪ. ಸರಾಸರಿ ತೆಗೆದವರು ತೆಳುವಾದ ಕಡೆಯೇ ಮುಳುಗುತ್ತಾರೆ. ಸೆಂ.ಮೀ.ನಲ್ಲಿರುವ ದಪ್ಪದ ವರ್ಗವನ್ನು 4ರಿಂದ ಗುಣಿಸಿದರೆ ತಡೆಯುವ ಭಾರ ಕಿಲೋಗ್ರಾಂನಲ್ಲಿ ಸಿಗುತ್ತದೆ. 30 ಸೆಂ.ಮೀ.ಗೆ 3,600, 50ಕ್ಕೆ 10,000, ಒಂದು ಮೀಟರ್‌ಗೆ 40,000 ಕೆ.ಜಿ. ಗಣಿ ರಸ್ತೆಗಳಲ್ಲಿ 4ಕ್ಕಿಂತ ದೊಡ್ಡ ಅಂಕಿ ಬಳಸುವುದುಂಟು, ಆದರೆ ಅಲ್ಲಿ ರೇಡಾರ್ ಎಳೆದು ಮತ್ತೆ ಮತ್ತೆ ದಪ್ಪ ನೋಡುವ ತಂಡವಿರುತ್ತದೆ. ಅದಿಲ್ಲದೆ ಆ ಅಂಕಿಯನ್ನು ಎರವಲು ತರಬೇಡಿ. ನೀರು ಒಸರುವ ಬಿರುಕು ಕಂಡರೆ ಭಾರವನ್ನು ಅರ್ಧಕ್ಕಿಳಿಸಿ. ಅಂಥ ಎರಡು ಒಂದನ್ನೊಂದು ಕತ್ತರಿಸಿದ್ದರೆ ಕಾಲುಭಾಗಕ್ಕೆ.

ಈಗ ವೇಗ. ಎರಡು ಲೆಕ್ಕ ಮಾಡಿ, ಕಡಿಮೆ ಬಂದದ್ದನ್ನು ಹಿಡಿಯಿರಿ. ಒಂದನೆಯದು ಆಳದ್ದು: ನೀರಿನ ಆಳದ (ಮೀಟರ್‌ನಲ್ಲಿ) ವರ್ಗಮೂಲವನ್ನು 11.3ರಿಂದ ಗುಣಿಸಿ. 2 ಮೀಟರ್‌ಗೆ ಗಂಟೆಗೆ 16 ಕಿ.ಮೀ., 5ಕ್ಕೆ 25, 10ಕ್ಕೆ 36. ಎರಡನೆಯದು ದಪ್ಪದ್ದು, ಆಳ ಸಾಕಷ್ಟಿರುವಲ್ಲಿಗೆ: ಗಟ್ಟಿಯಾದ ಸಿಹಿನೀರಿನ ಗಡ್ಡೆಯಾದರೆ 30 ಸೆಂ.ಮೀ.ಗೆ ಸುಮಾರು 36, 50ಕ್ಕೆ 44, ಒಂದು ಮೀಟರ್‌ಗೆ 57 ಕಿ.ಮೀ. ಸಿಕ್ಕ ಸಂಖ್ಯೆಯ ಅರ್ಧದಷ್ಟರಲ್ಲಿ ಓಡಿಸಿ. ಎರಡೂ ಲೆಕ್ಕ ಹತ್ತಿರ ಹತ್ತಿರ ಬಂದಲ್ಲಿ ನಿಜವಾದ ನಿರ್ಣಾಯಕ ವೇಗ ಎರಡಕ್ಕಿಂತಲೂ ತುಸು ಕಡಿಮೆಯೇ ಇರುತ್ತದೆ, ಅದಕ್ಕೇ ಈ ಧಾರಾಳ ಅಂತರ.

ಸಮುದ್ರದ ಗಡ್ಡೆಗೆ ಈ ಅಂಕಿಗಳು ಸಲ್ಲವು. ಉಪ್ಪುನೀರಿನ ಗಡ್ಡೆ ಮೆತ್ತಗೆ. 1980ರ ದಶಕದಲ್ಲಿ ಜಪಾನಿನ ಹೊಕ್ಕೈಡೊದ ಸರೋಮಾ ಸರೋವರದಲ್ಲಿ ಸಂಶೋಧಕ ತಕಿಝಾವಾ ಅವರು 235 ಕೆ.ಜಿ. ತೂಕದ ಹಿಮವಾಹನವನ್ನು ಸುಮಾರು 17 ಸೆಂ.ಮೀ. ಗಡ್ಡೆಯ ಮೇಲೆ ಬೇರೆ ಬೇರೆ ವೇಗದಲ್ಲಿ ಓಡಿಸಿ ಅಳೆದರು. ಸಮುದ್ರಕ್ಕೆ ತೆರೆದುಕೊಂಡ ಸರೋವರ ಅದು. ನೀರು ಸುಮಾರು 6.8 ಮೀಟರ್ ಆಳವಿದ್ದರೂ ತಗ್ಗು ಅತಿ ಆಳವಾದದ್ದು ಸೆಕೆಂಡಿಗೆ ಸುಮಾರು 6 ಮೀಟರ್‌ನಲ್ಲಿ, ಅಂದರೆ ಗಂಟೆಗೆ 22 ಕಿ.ಮೀ.ನಲ್ಲಿ.

ಹೆಚ್ಚಿನ ಅಪಾಯ ದಡದ ಹತ್ತಿರ. ಲಾರಿ ಗಂಟೆಗೆ 20 ಕಿ.ಮೀ.ನಲ್ಲೇ ಬರುತ್ತಿದೆ ಅನ್ನಿ. 10 ಮೀಟರ್ ಆಳದಲ್ಲಿ ಅದು ನಿರ್ಣಾಯಕ ವೇಗಕ್ಕಿಂತ ಸಾಕಷ್ಟು ಕೆಳಗಿದೆ. ತಳ ಏರುತ್ತಾ ಆಳ 3 ಮೀಟರ್‌ಗೆ ಇಳಿದಾಗ ನಿರ್ಣಾಯಕ ವೇಗವೂ 20ಕ್ಕೆ ಇಳಿದಿರುತ್ತದೆ. ಚಾಲಕ ಏನನ್ನೂ ಬದಲಿಸಿಲ್ಲ, ಅಪಾಯವೇ ಅವನ ಬಳಿಗೆ ಬಂದಿದೆ. ಮುಂದೆ ಹೋದ ಅಲೆ ದಡಕ್ಕೆ ಬಡಿದು ಹಿಂತಿರುಗಿ ಅದೇ ಜಾಗದಲ್ಲಿ ಸೇರುತ್ತದೆ. ತಳಕ್ಕೆ ಕಚ್ಚಿದ ಗಡ್ಡೆಯೂ ತೇಲುವ ಗಡ್ಡೆಯೂ ಕೂಡುವ ಗೆರೆ ಮೊದಲೇ ಬಿರುಕು ಬಿಟ್ಟಿರುತ್ತದೆ. ಆದ್ದರಿಂದ ದಡ ಕಾಣುವ ಮೊದಲೇ, ಆಳದ ನಕ್ಷೆ ನೋಡಿ, ವೇಗ ಇಳಿಸುವ ಫಲಕ ನೆಡಿ. ದಾರಿಯನ್ನು ದಡಕ್ಕೆ ನೇರವಾಗಿ ಒಯ್ಯದೆ ಸುಮಾರು 45 ಡಿಗ್ರಿ ಓರೆಯಾಗಿ ತನ್ನಿ; ಮರಳುವ ಅಲೆ ಆಗ ಬೇರೆ ದಿಕ್ಕಿಗೆ ಹೋಗುತ್ತದೆ. ಎರಡು ಲಾರಿಗಳ ಅಲೆಗಳೂ ಹೀಗೆಯೇ ಕೂಡಬಲ್ಲವು. ಭಾರದ ಲಾರಿಗಳ ನಡುವೆ ಅರ್ಧ ಕಿಲೋಮೀಟರ್ ಬಿಡಿ, ಎದುರುಬದುರು ಬಂದಾಗ ಇಬ್ಬರೂ ನಿಧಾನಿಸಿ.

ದಾರಿಯ ಹಿಮ ಗುಡಿಸಿ ಅಂಚಿಗೆ ಎತ್ತರದ ದಿಬ್ಬ ಹಾಕುವುದು ಇನ್ನೊಂದು ತಪ್ಪು. ದಿಬ್ಬದ ತೂಕ ಗಡ್ಡೆಯನ್ನು ಬಗ್ಗಿಸುತ್ತದೆ, ಜೊತೆಗೆ ಚಳಿ ತಾಗದಂತೆ ಹೊದಿಸುವುದರಿಂದ ಅಡಿಯ ಗಡ್ಡೆ ತೆಳುವಾಗಿಯೇ ಉಳಿಯುತ್ತದೆ. ಹಿಮವನ್ನು ದೂರಕ್ಕೆ, ತೆಳ್ಳಗೆ ಹರಡಿ.

ತೆರೆದ ಸಮುದ್ರದ ಅಂಚಿನ ಗಡ್ಡೆಗೆ ಲಾರಿಯೇ ಬೇಕಿಲ್ಲ, ದೂರದ ಅಲೆ ಸಾಕು. ಒಂದು ಮೀಟರ್ ಗಡ್ಡೆಯಲ್ಲಿ 10 ಸೆಕೆಂಡಿಗೊಮ್ಮೆ ಬರುವ ಅಲೆ ಸಮಮಟ್ಟದಿಂದ ಐದಾರು ಸೆಂ.ಮೀ. ಏರಿಳಿದರೂ ಬಾಗುವಿಕೆ ಬಿರುಕಿನ ಮಿತಿಗೆ ಬರುತ್ತದೆ. ಏರಿಳಿತ ಅಷ್ಟೇ ಇದ್ದು ಅಲೆಯ ಉದ್ದ ಕಡಿಮೆಯಾದರೆ ಬಾಗು ಇನ್ನೂ ಹೆಚ್ಚು.

ನಿಲ್ಲಿಸುವುದಕ್ಕೆ ಬೇರೆಯೇ ನಿಯಮ. ನಿಂತ ಭಾರದಡಿ ಗಡ್ಡೆ ಒಡೆಯದೆಯೂ ನಿಧಾನವಾಗಿ ಕುಸಿಯುತ್ತಾ ಹೋಗುತ್ತದೆ. ಎರಡು ಗಂಟೆಗಿಂತ ಹೆಚ್ಚು ನಿಲ್ಲುವುದಾದರೆ ಚಲಿಸುವ ಭಾರದ ಅರ್ಧಕ್ಕಷ್ಟೇ ಲೆಕ್ಕ ಹಾಕಿ, ಗಾಡಿಯ ಪಕ್ಕ ಒಂದು ರಂಧ್ರ ಕೊರೆಯಿರಿ. ಒಂದು ಮೀಟರ್ ಗಡ್ಡೆಯಲ್ಲಿ ಭಾರವಿಲ್ಲದಾಗ ನೀರು ಮೇಲ್ಮೈಗಿಂತ ಸುಮಾರು 8 ಸೆಂ.ಮೀ. ಕೆಳಗಿರುತ್ತದೆ. ಆ ಅಂತರ ಕರಗುತ್ತಾ ಬಂದರೆ ನೀರು ರಂಧ್ರದ ಬಾಯಿಗೆ ಬರುವ ಮೊದಲೇ ಗಾಡಿ ಸರಿಸಿ. ಉಕ್ಕಿದ ಮೇಲೆ ಗಡ್ಡೆಯ ಮೇಲೆ ನಿಲ್ಲುವ ನೀರೂ ಹೊರೆಯೇ.